ಉಣಕಲ್ಲಿಗೊಂದು ವಾಕಿಂಗ್ ಪ್ಲಾನು

ಹೊಳೆಯ ದಂಡೆಯ ಮೇಲೆ ಅಡ್ಡಾಡುವ ಹುಚ್ಚು ಹೊಳೆ ಇದ್ದ ಊರಿನವರಿಗೆ ಹತ್ತುವುದಿಲ್ಲ. ಅವರಿಗೆ ಅದು ಎಮ್ಮೆ ಮೈ ತೊಳೆಯುವ ಜಾಗ. ಹುಚ್ಚು ಹತ್ತುವುದೆಲ್ಲ ನಮ್ಮಂಥವರಿಗೆ. ಗೊರೂರರಿಗೆ ಹೇಮಾವತಿ ಇತ್ತು, ಕುವೆಂಪು ಅವರಿಗೆ ತುಂಗೆ ಇತ್ತು. ಹುಬ್ಬಳ್ಳಿಯವರಿಗೆ ಏನಿದೆ? ಧಾರವಾಡದವರನ್ನು ಕೇಳಿದರೆ ಸೋಮೇಶ್ವರ ಗುಡಿಯ ಕಡೆ ಕೈ ಮಾಡಿ, "ಶಾಲ್ಮಲಾ ಅದ ಅಲ್ರೀ" ಅನ್ನುತ್ತಾರೆ. ಅಲ್ಲಿ ಹುಟ್ಟುವುದೇನೋ ಖರೆ. ಆದರೆ ಗುಪ್ತಗಾಮಿನಿ. ಊರೊಳಗೆ ಯಾರ ಕಣ್ಣಿಗೂ ಬೀಳದೆ, ಮರ್ಯಾದಸ್ಥ ಸಾಲಗಾರನ ಹಾಗೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಮುಂದೆ ಬೇಡ್ತಿಯನ್ನು ಕೂಡಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರ ಸೇರಿಬಿಡುತ್ತದೆ. ಆ ಕಡೆ ಮೂಡಲಕ್ಕೆ ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಅದು ಇದೆಯೋ ಇಲ್ಲವೋ ಎಂದು ವಾದ ಮಾಡಬಹುದು. ಮಳೆಗಾಲದಲ್ಲಿ ನವಲಗುಂದದವರು ಆ ವಾದಕ್ಕೆ ಅವಕಾಶ ಕೊಡುವುದಿಲ್ಲ. ಅದು ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಹೀಗೆ ಎರಡು ಸಮುದ್ರಗಳಿಗೂ ನೀರು ಹಂಚಿ ನಾವು ನಡುವಿನ ಏರಿನ ಮೇಲೆ ಖಾಲಿ ಕೊಡ ಹಿಡಿದು ಕೂತಿದ್ದೇವೆ. ಕುಡಿಯಲು ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯನ್ನು ಪೈಪಿನೊಳಗೆ ಕರೆಸಿಕೊಳ್ಳುತ್ತೇವೆ. ಪೈಪಿಗೆ ದಂಡೆ ಇರುವುದಿಲ್ಲ.

ನಮ್ಮ ಓಣಿಯ ಚಾದಂಗಡಿಯಲ್ಲಿ ದಂಡೆಯ ಮೇಲೆ ನಡೆಯುವ ಮಾತು ಎದ್ದಿದ್ದು ಬ್ಯಾಂಕಿನವರ ಮಗಳಿಂದ. ಬ್ಯಾಂಕಿನವರೆಂದರೆ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಓಣಿಯವರು ಹಾಗೇ ಕರೆಯುತ್ತಾರೆ. ಮಗಳು ಲಂಡನ್ನಿನಲ್ಲಿದ್ದಾಳೆ. ಥೇಮ್ಸ್ ನದಿಯ ಗುಂಟ ಕಾಲುದಾರಿ ಇದೆಯಂತೆ, ನದಿ ಹುಟ್ಟುವ ಹೊಲದಿಂದ ಲಂಡನ್ನಿನವರೆಗೆ ಸುಮಾರು 300 ಕಿಲೋಮೀಟರು, 1996ರಿಂದ ಸರ್ಕಾರಿ ಗುರುತಿನ ಹಾದಿ. ಅದರ ಒಂದು ತುಣುಕನ್ನು ಆಕೆ ನಡೆದು ಫೋಟೋ ಕಳಿಸಿದ್ದಳು. ಬಾತುಕೋಳಿ, ಬೆಂಚು, ಹುಲ್ಲು. ಬ್ಯಾಂಕಿನವರು ಮೊಬೈಲನ್ನು ಎಲ್ಲರ ಮೂಗಿನ ಮುಂದೆ ಹಿಡಿದರು. ಚಾದಂಗಡಿಯವನು ಕೂಡ ಸಾಣಿಗೆ ಕೆಳಗಿಟ್ಟು ನೋಡಿದ.

"ನಾವೂ ಹೋಗೂಣ್ರೀ" ಅಂದರು ಮಾಸ್ತರು.

"ಲಂಡನ್ನಿಗೇನು?"

"ಉಣಕಲ್ಲಿಗೆ."

ಉಣಕಲ್ ಕೆರೆ ನಮಗೆ ದೂರವೇನಲ್ಲ. ಸ್ಕೂಟರ್ ಮೇಲೆ ಹೋದರೆ ಹೊರಟಿದ್ದೇ ನೆನಪಿರುವುದಿಲ್ಲ. ಆದರೆ ಯಾವಾಗ ಬೇಕಾದರೂ ಹೋಗಬಹುದಾದ ಜಾಗಕ್ಕೆ ಯಾರೂ ಯಾವಾಗಲೂ ಹೋಗುವುದಿಲ್ಲ. ಬೆಂಗಳೂರಿನಿಂದ ನೆಂಟರು ಬಂದಾಗ ಮಕ್ಕಳಿಗೆ ಬೋಟು ಹತ್ತಿಸಲು ಹೋಗುತ್ತೇವೆ, ಚುರುಮುರಿ ಕೊಡಿಸಿ ಕರೆದುಕೊಂಡು ಬರುತ್ತೇವೆ. ನೀರಿನ ಗುಂಟ ನಡೆಯಬೇಕೆಂದೇ ಕಾಲಿಗೆ ಬೂಟು ಏರಿಸಿ ಹೋದವರು ನಮ್ಮ ಪೈಕಿ ಇರಲಿಲ್ಲ. ಹಾಗಾಗಿ ಪ್ಲಾನು ಬೇಕಾಯಿತು. ಪ್ಲಾನು ಎಂದಮೇಲೆ ಮೀಟಿಂಗು. ಮೀಟಿಂಗು ಎಂದಮೇಲೆ ಚಾ. ಒಂದು ಚಾವನ್ನು ಇಬ್ಬರು ಹಂಚಿಕೊಂಡರೆ ಅರ್ಧ ತಾಸು ಕೂಡಬಹುದು, ಇದು ಓಣಿಯ ಅಲಿಖಿತ ಕಾನೂನು.

ಮೊದಲ ಪ್ರಶ್ನೆ ಹಾದಿಯದು. ಕೆರೆಯ ದಂಡೆಯ ಮೇಲೆ ಸುತ್ತುವುದೋ, ಅಥವಾ ಕೆರೆಯಿಂದ ಹೊರಬೀಳುವ ನಾಲಾದ ಗುಂಟ ಹೋಗುವುದೋ? ಕೆರೆ ಸುಮಾರು 200 ಎಕರೆ. ವಿಶ್ವೇಶ್ವರಯ್ಯನವರ ಯೋಜನೆ ಎಂದು ಊರವರು ಹೇಳುತ್ತಾರೆ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದವರು, ಅವರ ಕಾಲದಲ್ಲಿ ಈ ಸೀಮೆಯೂ ಮುಂಬಯಿಗೇ ಸೇರಿತ್ತು, ಆದ್ದರಿಂದ ಮಾತು ತೂಗುತ್ತದೆ. ನನಗನ್ನಿಸುವುದು ಇಷ್ಟೆ: ಕರ್ನಾಟಕದಲ್ಲಿ ಸೋರದ ಯಾವ ಕೆರೆಯನ್ನು ತೋರಿಸಿದರೂ ಜನ ಅವರ ಹೆಸರನ್ನೇ ಹೇಳುತ್ತಾರೆ. ಸೋರಿದರೆ ಕಂಟ್ರಾಕ್ಟರನ ಹೆಸರು.

ನಾಲಾದ ಪಕ್ಷ ಹಿಡಿದವರು ಬ್ಯಾಂಕಿನವರು. ನಾಲಾ ಎಂದ ತಕ್ಷಣ ಮಾಸ್ತರು ಮೂಗಿಗೆ ಕರವಸ್ತ್ರ ಹಿಡಿದರು, ಚಾದಂಗಡಿಯಲ್ಲೇ. ಆದರೆ ಬ್ಯಾಂಕಿನವರು ಕಾಗದಪತ್ರ ಓದಿಕೊಂಡು ಬಂದಿದ್ದರು. ಕೆರೆಯಿಂದ ಗಬ್ಬೂರಿನ ಕಡೆ ಬಡಾವಣೆಗಳ ಬೆನ್ನ ಹಿಂದೆ ಹರಿಯುವ ಈ ನಾಲಾದ ಗುಂಟ ಸೈಕಲ್ ಹಾದಿ, ಕಾಲುಹಾದಿ ಮಾಡುವ ಯೋಜನೆಗೆ 'ಗ್ರೀನ್ ಮೊಬಿಲಿಟಿ ಕಾರಿಡಾರ್' ಎಂದು ಹೆಸರು. ಕೇಂದ್ರದ 'ಸಿಟೀಸ್' ಕಾರ್ಯಕ್ರಮದಲ್ಲಿ ದೇಶದ 12 ನಗರಗಳ ಯೋಜನೆಗಳು ಆಯ್ಕೆಯಾದವು, ಅದರಲ್ಲಿ ನಮ್ಮದೂ ಒಂದು. ನೆರವು ಕೊಟ್ಟವರಲ್ಲಿ ಐರೋಪ್ಯ ಒಕ್ಕೂಟ ಮತ್ತು ಫ್ರಾನ್ಸ್ ಸರ್ಕಾರದ ಅಭಿವೃದ್ಧಿ ಸಂಸ್ಥೆ ಇದ್ದಾರೆ.

"ಅಂದ್ರ ಪ್ಯಾರಿಸ್ಸಿನವ್ರು ನಮ್ಮ ನಾಲಾಕ್ಕ ರೊಕ್ಕಾ ಕೊಟ್ಟಾರು?" ಮಾಸ್ತರು ನಂಬಲಿಲ್ಲ.

"ಅವ್ರಿಗೂ ಒಂದು ನಾಲಾ ಇತ್ತರೀ. ಸೇನ್ ಅಂತ."

ಇದು ಹಗುರ ಮಾತಲ್ಲ. ಹೊಲಸು ನೀರೆಂದು ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಈಜನ್ನು 1923ರಲ್ಲೇ ನಿಷೇಧಿಸಿದ್ದರು. 2024ರ ಒಲಿಂಪಿಕ್ಸ್ ಹೊತ್ತಿಗೆ ಕೋಟಿಗಟ್ಟಲೆ ಸುರಿದು ತೊಳೆದರು; ಆದರೂ ಮಳೆ ಬಂದು ನೀರು ಕೆಟ್ಟು ಗಂಡಸರ ಟ್ರಯಥ್ಲಾನನ್ನು ಒಂದು ದಿನ ಮುಂದೂಡಬೇಕಾಯಿತು. ಜನಸಾಮಾನ್ಯರು ನೀರಿಗಿಳಿದದ್ದು 2025ರ ಬೇಸಿಗೆಯಲ್ಲಿ. ನೂರು ವರ್ಷ! ಇದನ್ನು ಕೇಳಿ ನಮಗೆಲ್ಲ ನಾಲಾದ ಬಗ್ಗೆ ಒಂದು ಬಗೆಯ ಬಂಧುತ್ವ ಹುಟ್ಟಿತು. ನಾಲಾ ಕೂಡ ಹುಟ್ಟಿನಿಂದ ನಾಲಾ ಆಗಿರಲಿಲ್ಲ. ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚಿನ ನೀರು ಹರಿದು ಹೋಗುವ ಹಳ್ಳ ಅದು. ನಡುವೆ ನಾವು ಬಂದು ಮನೆ ಕಟ್ಟಿಸಿ ಬಚ್ಚಲ ಪೈಪನ್ನು ಅದಕ್ಕೆ ಕೂಡಿಸಿದೆವು. ಹಳ್ಳ ಸತ್ತು ನಾಲಾ ಆಯಿತು. ಮನೆಗಳೆಲ್ಲ ಅದಕ್ಕೆ ಬೆನ್ನು ತಿರುಗಿಸಿ ನಿಂತಿವೆ ಎಂಬುದನ್ನು ಗಮನಿಸಬೇಕು. ನೀರಿನ ಕಡೆ ಮುಖ ಮಾಡಿದ ಒಂದು ವರಾಂಡಾ, ಒಂದು ಕಟ್ಟೆ ಇಲ್ಲ. ವಾಸ್ತು ನೋಡುವವರೂ ಈಶಾನ್ಯದಲ್ಲಿ ನೀರಿರಬೇಕು ಅಂದರೇ ಹೊರತು ಎಂಥ ನೀರು ಎಂದು ಹೇಳಲಿಲ್ಲ.

ಈ ಎರಡೂ ಹಾದಿ ಬೇಡವೆಂದವರು ರೈಲ್ವೆ ಕಾಕಾ. ಅವರಿಗೆ ಯಾವ ಹಾದಿಯೂ ಹಳಿಯಿಲ್ಲದಿದ್ದರೆ ಹಾದಿಯಲ್ಲ.

"ಕೆರಿ ಯಾಕ್ರಿ? ನಾಯಿ ಕಾಟ, ಕೆಸರು. ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಐತೆಲ್ಲ? 1507 ಮೀಟರ್! ಜಗತ್ತಿನಾಗ ಅಷ್ಟು ಉದ್ದ ಮತ್ತೊಂದಿಲ್ಲ. ಮ್ಯಾಲ ಸೂರು, ಕೆಳಗ ಫರಸಿ, ಬಾಜೂಕ ಚಾ. ಹತ್ತು ರೂಪಾಯಿ ಟಿಕೀಟು, ಎರಡು ತಾಸು ಯಾರೂ ಕೇಳೂದಿಲ್ಲ."

ನನ್ನ ಹೆಂಡತಿಯ ತಮ್ಮನಿಗೆ ಹೆಜ್ಜೆ ಎಣಿಸುವ ಕೈಗಡಿಯಾರವಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ಅವನ ವೇದವಾಕ್ಯ. ಆ ಸಂಖ್ಯೆಯನ್ನು ಯಾವ ಡಾಕ್ಟರೂ ಕಂಡುಹಿಡಿದದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಎಂದು ನಾನು ಹೇಳಿದರೂ ಅವನು ಕೇಳಲಿಲ್ಲ. ಮುಕ್ಕಾಲು ಮೀಟರಿಗೆ ಒಂದು ಹೆಜ್ಜೆ ಹಿಡಿದು ಲೆಕ್ಕ ಹಾಕಿದ. ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಾವಿರ ಹೆಜ್ಜೆ ಚಿಲ್ಲರೆ. ಐದು ಸಲ ಹೋದರೆ ಹತ್ತು ಸಾವಿರ ಪೂರಾ. ಇಷ್ಟು ಚೆಂದದ ಲೆಕ್ಕ ಬಂದದ್ದಕ್ಕೆ ಕಾಕಾ ಅವನಿಗೆ ತಮ್ಮ ಪಾಲಿನ ಚಾ ಕೂಡ ಕೊಡಲು ತಯಾರಾದರು. ಆಗ ಮಾಸ್ತರು ಮೆಲ್ಲಗೆ, "ಐದು ಬೆಸ ಸಂಖ್ಯಾ. ಕಡೀಕ ಆ ಕಡೆ ತುದಿಗೆ ಹೋಗಿ ನಿಲ್ತೀರಿ. ಸ್ಕೂಟರ್ ಈ ಕಡೆ ಇರ್ತೈತಿ" ಅಂದರು. ಗಣಿತದ ಮಾಸ್ತರೊಬ್ಬರು ಜೊತೆಗಿದ್ದರೆ ಮನುಷ್ಯ ಎಂಥ ಸುಖವನ್ನೂ ಪೂರ್ತಿ ಅನುಭವಿಸಲಾರ.

ನೃಪತುಂಗ ಬೆಟ್ಟದ ಹೆಸರೂ ಬಂತು. ಮುಂಜಾನೆ ಅಲ್ಲಿ ಅರ್ಧ ಊರೇ ಇರುತ್ತದೆ. ಆದರೆ ಏರು. ಮೊಣಕಾಲು ಇದ್ದವರು ಯಾರು ಎಂದು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ತೋಳನಕೆರೆಗೆ ಹೋಗಬಹುದಿತ್ತು, ಅಲ್ಲಿ ನೀಟಾದ ಟ್ರ್ಯಾಕ್ ಇದೆ. ಅಷ್ಟು ನೀಟಾಗಿದ್ದರೆ ಪ್ಲಾನು ಮಾಡುವುದಾದರೂ ಏನನ್ನು? ಅದೂ ಬಿತ್ತು. ಕೊನೆಗೆ ಕೆರೆಯೇ ಗೆದ್ದಿತು: ಮೊದಲು ದಂಡೆಯ ಮೇಲೆ ಒಂದಿಷ್ಟು, ಮನಸ್ಸು ಬಂದರೆ, ಮೂಗು ಒಪ್ಪಿದರೆ, ನಾಲಾದ ಗುಂಟ ಆದಷ್ಟು ದೂರ.

ಇಷ್ಟರಲ್ಲಿ ಸುದ್ದಿ ಧಾರವಾಡದ ಬೀಗರಿಗೆ ಮುಟ್ಟಿತ್ತು. ಮುಟ್ಟಿಸಿದವರು ನಮ್ಮ ಮನೆಯವರೇ. ಬೀಗರನ್ನು ಬಿಟ್ಟು ಹೋದರೆ ನಾಳೆ ಮಗಳು ಮಾತು ಕೇಳಬೇಕಾಗುತ್ತದೆ. ಬೀಗರ ಮನೆ ಇರುವುದು ಸಾಧನಕೇರಿಯ ಹತ್ತಿರ, ಆ ಕಾರಣಕ್ಕೆ ನೀರು, ನಡಿಗೆ, ಕಾವ್ಯ ಮೂರರ ಮೇಲೂ ಅವರಿಗೆ ಪಿತ್ರಾರ್ಜಿತ ಹಕ್ಕಿದೆ. "ನಮ್ಮ ಕೆರಿ ದಂಡಿ ಮ್ಯಾಲೆ ಬೇಂದ್ರೆಯವ್ರು ಅಡ್ಡಾಡಿದ್ರು. ನಿಮ್ಮ ಕೆರಿ ದಂಡಿ ಮ್ಯಾಲೆ ಯಾರು ಅಡ್ಡಾಡ್ಯಾರ?" ಎಂದು ಫೋನಿನಲ್ಲಿ ಕೇಳಿದರು. ನಾವು ಅಡ್ಡಾಡಲು ಹೊರಟಿದ್ದೇವೆ ಎಂದು ಹೇಳುವಷ್ಟು ಸೊಕ್ಕು ನನಗಿರಲಿಲ್ಲ. 1962ರಿಂದ ಎರಡೂ ಊರಿಗೆ ಒಂದೇ ಪಾಲಿಕೆ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. ಬೀಗತನಕ್ಕೆ ಅಂಥ ಸೌಲಭ್ಯವಿಲ್ಲ.

ಇನ್ನು ದಿನ ಗೊತ್ತುಮಾಡುವುದು. ಬೇರೆ ಊರಿನವರು ಹವಾಮಾನ ನೋಡಿ ದಿನ ಗೊತ್ತುಮಾಡುತ್ತಾರೆ. ನಾವು ನೋಡುವುದು ನಳಾ. ನಮ್ಮ ಓಣಿಯಲ್ಲಿ ನಳಾ ಬರುವುದು ದಿನಗಟ್ಟಲೆ ಕಾಯಿಸಿ, ಅದೂ ಅದರ ಮನಸ್ಸಿಗೆ ಬಂದ ಹೊತ್ತಿನಲ್ಲಿ. ನಳಾ ಬಂದ ದಿನ ಮದುವೆಗೆ ಹೋಗುವವರೂ ಅಕ್ಷತೆ ಹೊತ್ತಿಗೆ ಮಾತ್ರ ಹೋಗುತ್ತಾರೆ. ಸಂಪು ತುಂಬಬೇಕು, ಮೋಟಾರು ಹಚ್ಚಿ ಮೇಲಿನ ಟ್ಯಾಂಕಿಗೆ ಏರಿಸಬೇಕು, ಕುಡಿಯುವ ನೀರನ್ನು ಸೋಸಿ ತಾಮ್ರದ ಹಂಡೆಗೆ ಹಾಕಬೇಕು, ಉಳಿದ ಬಕೀಟು, ಕೊಡ, ಪಾತೇಲಿ, ಕಡೆಗೆ ಪ್ರೆಶರ್ ಕುಕ್ಕರ್ ಕೂಡ. ನಮ್ಮ ಮನೆಯವರು ಮೊದಲೇ ಹೇಳಿಬಿಟ್ಟರು: "ನಳಾ ಬಂದ್ರ ಯಾವ ಕೆರಿನೂ ಇಲ್ಲ, ಯಾವ ನಾಲಾನೂ ಇಲ್ಲ. ನೀರು ನೋಡ್ಲಿಕ್ಕೆ ಅಷ್ಟು ದೂರ ಯಾಕ ಹೋಗ್ತೀರಿ, ಇಲ್ಲೇ ಪೈಪ್ ಹಿಡ್ಕೊಂಡು ನಿಲ್ರಿ, ಕಣ್ತುಂಬ ನೋಡ್ರಿ." ನೀರು ಬಿಡುವ ವಾಲ್ವ್‌ಮನ್‌ನ ಫೋನ್ ನಂಬರು ಯಾರ ಬಳಿಯಿದೆಯೋ ಅವರೇ ಓಣಿಯ ಪಂಚಾಂಗ. ಆ ನಂಬರು ರೈಲ್ವೆ ಕಾಕಾರ ಬಳಿ ಇತ್ತು. ಅವರು ಕೇಳಿ ನೋಡಿ ರವಿವಾರ ಮುಂಜಾನೆ ನಿಶ್ಚಿಂತ ಎಂದರು.

ರವಿವಾರ ಬೆಳಗಿನ ಜಾವ ನಾಲ್ಕೂವರೆಗೆ ನಳಾ ಬಂತು.

ಓಣಿಯ ಎಲ್ಲ ಮನೆಗಳಲ್ಲಿ ದೀಪ ಹತ್ತಿದವು, ಮೋಟಾರುಗಳು ಗುಂಯ್ ಅಂದವು. ಬೂಟು ಹಾಕಿಕೊಂಡು ತಯಾರಾಗಿದ್ದ ಮಾಸ್ತರು ಅದೇ ಬೂಟಿನಲ್ಲಿ ಅಂಗಳದಲ್ಲಿ ನಿಂತು ಕೊಡ ಹಿಡಿದದ್ದನ್ನು ನಾನು ಗೇಟಿನಿಂದ ನೋಡಿದೆ. ಹೆಂಡತಿಯ ತಮ್ಮ ಮಾತ್ರ ಖುಷಿಯಲ್ಲಿದ್ದ: ಬಕೀಟು ಹೊತ್ತು ಅಡಿಗೆಮನೆಗೂ ಬಚ್ಚಲಿಗೂ ಅಲೆದದ್ದರಲ್ಲೇ ಗಡಿಯಾರ ಎರಡು ಸಾವಿರ ತೋರಿಸುತ್ತಿತ್ತು. ಒಂದು ಪ್ಲಾಟ್‌ಫಾರ್ಮು ಮುಗಿಯಿತು.

ಹಾಗಾಗಿ ಕೂಡಿ ಹೊರಡುವುದು ತಪ್ಪಿ, ಯಾರ ಮನೆಯ ಟ್ಯಾಂಕು ಯಾವಾಗ ತುಂಬಿತೋ ಅವರು ಆವಾಗ ಹೊರಟರು. ಉಣಕಲ್ಲಿನಲ್ಲಿ ಕೂಡೂಣು ಎಂದಾಗಿತ್ತು. ಉಣಕಲ್ ಎಂದರೆ ಎಲ್ಲಿ ಎಂಬುದನ್ನು ಅಷ್ಟೆಲ್ಲ ಮೀಟಿಂಗುಗಳಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟು ಗೊತ್ತಿದ್ದ ಜಾಗ ಅದು. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಕೂತರೆ ತಿಳಿಯುತ್ತದೆ: ಹುಬ್ಬಳ್ಳಿಯ ಕಡೆಯಿಂದ ಹೋದವರಿಗೆ ಮೊದಲು ಸಿಗುವುದು ಉಣಕಲ್ ಕ್ರಾಸು, ಆಮೇಲೆ ಉಣಕಲ್, ಆಮೇಲೆ ಉಣಕಲ್ ಕೆರೆ. ಧಾರವಾಡದಿಂದ ಬರುವವರಿಗೆ ಕೆರೆ ಮೊದಲು. 2020ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಈ ಬಿಆರ್‌ಟಿಎಸ್ ಸೇವೆಯ ಬಸ್ಸು ರಸ್ತೆಯ ನಡುವೆ ಓಡುತ್ತದೆ. ತಪ್ಪಿದ ಸ್ಟಾಪಿನಲ್ಲಿ ಇಳಿದರೆ ಆ ಅಗಲದ ರಸ್ತೆ ದಾಟುವುದೇ ಅರ್ಧ ವಾಕಿಂಗು. ಇದಲ್ಲದೆ ಹುಬ್ಬಳ್ಳಿ–ಧಾರವಾಡ ಹಳಿಯ ಮೇಲೆ ಉಣಕಲ್ ಎಂಬ ರೈಲು ನಿಲ್ದಾಣ. ಊರೊಳಗೆ ಸಿದ್ಧಪ್ಪಜ್ಜನ ಮಠ. ಚಂದ್ರಮೌಳೇಶ್ವರ ಗುಡಿ.

ಏಳು ಗಂಟೆಗೆ ಫೋನುಗಳು ಶುರುವಾದವು.

"ಎಲ್ಲಿದ್ದೀರಿ?"

"ಉಣಕಲ್ಲಾಗ."

"ನಾನೂ ಉಣಕಲ್ಲಾಗ ಇದ್ದೀನಿ. ಕಾಣಿಸ್ವಲ್ರಿ."

ಮಾಸ್ತರು ಕ್ರಾಸಿನಲ್ಲಿ. ಬೀಗರು ಕೆರೆಯ ಸ್ಟಾಪಿನಲ್ಲಿ, ಕೈಯಲ್ಲಿ ಪೇಡೆಯ ಪೊಟ್ಟಣ. ಕಾಕಾ, ಹೇಳಬೇಕಾಗಿಲ್ಲ, ರೈಲು ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತು, ಬರುವ ಹೋಗುವ ಗಾಡಿಗಳ ವೇಳೆ ಸರಿಯಿದೆಯೋ ನೋಡುತ್ತಿದ್ದರು. ನಾನು, ನನ್ನ ಹೆಂಡತಿಯ ತಮ್ಮ, ಬ್ಯಾಂಕಿನವರು ಗುಡಿಯ ಹತ್ತಿರ. ಎಲ್ಲರೂ ಇದ್ದಲ್ಲೇ ಇರಿ, ನಾನು ಬರುತ್ತೇನೆ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಕಡೆಗೆ ಗುಡಿಗೇ ಬರ್ರಿ ಎಂದು ತೀರ್ಮಾನವಾಯಿತು.

ಕಾಯುವ ಆ ಹೊತ್ತಿನಲ್ಲಿ ಗುಡಿಯನ್ನು ಸರಿಯಾಗಿ ನೋಡಿದ್ದು ಲಾಭ. ಕಲ್ಯಾಣದ ಚಾಲುಕ್ಯರ ಕಾಲದ್ದು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸುತ್ತ ಊರಿನ ಮನೆಗಳು ಅಂಟಿಕೊಂಡಂತೆ ನಿಂತಿವೆ. ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಲುಂಗಿಯ ಹಿಂದೆ ಕಲ್ಲಿನ ಕೆತ್ತನೆ ಕಾಣುತ್ತದೆ. ಸಾಮಾನ್ಯವಾಗಿ ಗರ್ಭಗುಡಿಗೆ ಒಂದು ಬಾಗಿಲು. ಇಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಬಾಗಿಲವಾಡದ ಕಲ್ಲನ್ನು ಪಟ್ಟಿ ಪಟ್ಟಿಯಾಗಿ ಕಡೆದಿದ್ದಾರೆ. ಒಂದು ಪಟ್ಟಿಯ ಮೇಲೆ ಬೆರಳಿಟ್ಟೆ, ಬೆಳಗಿನ ತಂಪು ಇನ್ನೂ ಕಲ್ಲಿನಲ್ಲೇ ಇತ್ತು. ಕಾಲಕ್ಕೋ ಕೈಗಳಿಗೋ ಸವೆದು ನುಣುಪಾಗಿತ್ತು. ಬ್ಯಾಂಕಿನವರು ನಾಲ್ಕೂ ಬಾಗಿಲಲ್ಲಿ ನಿಂತು ನಾಲ್ಕು ಸಲ ಕೈ ಮುಗಿದರು, ಯಾವ ಮುಖಕ್ಕೆ ಬೇಜಾರಾಗುತ್ತದೋ ಎಂದು. ಉಣಕಲ್ಲಿಗೆ ಬರುವವರು ಯಾವ ಕಡೆಯಿಂದ ಬರುತ್ತಾರೆಂದು ಹೇಳಲಾಗದು ಎಂಬುದು ಆ ಕಾಲದ ಶಿಲ್ಪಿಗಳಿಗೇ ಗೊತ್ತಿತ್ತು. ನಿಜಕ್ಕೂ ಮಾಸ್ತರು ತೆಂಕಣದಿಂದಲೂ ಬೀಗರು ಬಡಗಣದಿಂದಲೂ ಬಂದರು. ಕಾಕಾ ಯಾವ ದಿಕ್ಕಿನಿಂದ ಬಂದರೋ, ಬಂದ ಕೂಡಲೇ "ಗಾಡಿ ಇಪ್ಪತ್ತು ಮಿನಿಟ ಲೇಟ್" ಅಂದರು.

ಕೆರೆಗೆ ಹೋಗಿ ಮುಟ್ಟಿದಾಗ ಬಿಸಿಲು ಏರಿತ್ತು. ನಡುನೀರಿನಲ್ಲಿ ವಿವೇಕಾನಂದರ ಪ್ರತಿಮೆ. ಮಲಗಿದವರನ್ನು ಏಳಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡಿದ್ದ ಸ್ವಾಮಿಗಳ ಎದುರು ಎಂಟು ಗಂಟೆಗೆ ವಾಕಿಂಗ್ ಬಂದದ್ದು ಸ್ವಲ್ಪ ಸಂಕೋಚದ ವಿಷಯ. ನಿಜವಾಗಿ ವಾಕಿಂಗ್ ಮಾಡುವವರು ಆಗಲೇ ಮುಗಿಸಿ, ಬೆವರು ಒರೆಸಿ, ಒಗ್ಗರಣಿ ಅವಲಕ್ಕಿಯ ಕಡೆ ಹೋಗುತ್ತಿದ್ದರು. ದಂಡೆಗೆ ಒಂದು ಬದಿ ಅಂತರಗಂಗೆ ಹಬ್ಬಿತ್ತು. ತೆಗೆಸುತ್ತಾರೆ, ಮತ್ತೆ ಬರುತ್ತದೆ. ದಕ್ಷಿಣ ಅಮೆರಿಕ ಅದರ ತವರು. ಚೆಂದದ ಹೂವೆಂದು ಯಾರೋ ತಂದು ನೆಟ್ಟದ್ದು ಇಡೀ ದೇಶದ ಕೆರೆಗಳನ್ನು ಹಿಡಿದಿದೆ. ಒಂದು ಗಿಡವನ್ನು ಹೆಂಡತಿಯ ತಮ್ಮ ಕೋಲಿನಿಂದ ಎಳೆದ. ತಿಳಿನೇರಳೆ ಹೂವು, ಮೇಲಿನ ಎಸಳಿನ ನಡುವೆ ಹಳದಿ ಬೊಟ್ಟು. ಎಲೆಯ ದೇಟು ಬುಡದಲ್ಲಿ ಉಬ್ಬಿದೆ. ಹಿಚುಕಿದರೆ ಚಪ್ ಎಂದು ಒಡೆದು ಒಳಗೆ ಬರೀ ಗಾಳಿ, ಬೆಂಡು. ಬೇರು ಕರ್ರಗೆ, ಉದ್ದಕ್ಕೆ, ನೀರು ತೊಟ್ಟಿಕ್ಕಿಸುತ್ತ. ನೀರು ಕೊಳೆಯಾದಷ್ಟೂ ಇದಕ್ಕೆ ಸುಗ್ಗಿ, ಎರಡು ವಾರದಲ್ಲಿ ಎರಡು ಪಟ್ಟು ಆಗಬಲ್ಲದು. ನಾವು ಇಷ್ಟು ದಿನ ಪ್ಲಾನು ಮಾಡುವುದರೊಳಗೆ ಅದು ಕೆರೆಯ ಒಂದು ದಂಡೆಯನ್ನು ತಾನೇ ನಡೆದು ಮುಗಿಸಿತ್ತು.

ನಾವೂ ನಡೆದೆವು. ಬೀಗರು ಸಾಧನಕೇರಿಗೂ ಉಣಕಲ್ಲಿಗೂ ಹತ್ತು ವ್ಯತ್ಯಾಸ ಹೇಳಿದರು, ಎಲ್ಲವೂ ಸಾಧನಕೇರಿಯ ಪರವಾಗಿ. ನೀರಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು, ಅದನ್ನು ನೋಡಲು ನಿಂತೆವು. ನಿಂತಮೇಲೆ ಕೂಡಬೇಕೆನ್ನಿಸಿತು, ಕೂತಮೇಲೆ ಪೇಡೆಯ ಪೊಟ್ಟಣ ಬಿಚ್ಚಿಕೊಂಡಿತು. ಮಾಸ್ತರಿಗೆ ಸಕ್ಕರೆ ಕಾಯಿಲೆ. ಅರ್ಧ ಪೇಡೆ ಎಂದರು, ಎರಡು ಸಲ ಅಂದರು. ನಾಲಾದ ಮಾತನ್ನು ಬ್ಯಾಂಕಿನವರು ಎತ್ತಿದರು. ಈಗ ಬಿಸಿಲು, ಇನ್ನೊಮ್ಮೆ ಚಳಿಗಾಲದಲ್ಲಿ ನೋಡೂಣು ಎಂದಿತು ಬಹುಮತ. ಪ್ಯಾರಿಸ್ಸಿನವರೇ ನೂರು ವರ್ಷ ತೊಗೊಂಡಾರ, ನಮಗೇನು ಅವಸರ ಎಂದು ಕಾಕಾ ತೀರ್ಪು ಕೊಟ್ಟರು. ಹೆಂಡತಿಯ ತಮ್ಮನ ಗಡಿಯಾರ ಐದು ಸಾವಿರದ ಆಸುಪಾಸಿನಲ್ಲಿ ನಿಂತಿತ್ತು, ಅದರಲ್ಲಿ ನಳಾದ ಪಾಲೆಷ್ಟು ಎಂದು ಮಾಸ್ತರು ಕಳೆದು ತೋರಿಸಿದರು.

ವಾಪಸ್ ಬರುವಾಗ ಬಿಸಿ ಮಿರ್ಚಿ, ಗಿರ್ಮಿಟ್ ಸಿಗುವ ಗಾಡಿಯ ಮುಂದೆ ಮುಂದಿನ ರವಿವಾರದ ಪ್ಲಾನು ಶುರುವಾಯಿತು. ಈ ಸಲ ಕಾಕಾರದೇ ಹಟ.

"ಪ್ಲಾಟ್‌ಫಾರ್ಮೇ ಪಕ್ಕಾ. ಉಣಕಲ್ಲಿನಂಗ ಹತ್ತು ಕಡೆ ನಿಂತು ಫೋನ್ ಮಾಡೂ ತ್ರಾಸಿಲ್ಲ. ಹುಬ್ಬಳ್ಳಿ ಸ್ಟೇಷನ್ ಇರೂದು ಒಂದ. ಆರಕ್ಕ ಬಾಗಲದಾಗ ಕೂಡೂಣು."

ಮಾಸ್ತರು ಮಿರ್ಚಿಯ ತುಂಬು ಕಿತ್ತು ಬದಿಗಿಟ್ಟು ಕೇಳಿದರು: "ಯಾವ ಬಾಗಲ್ರೀ? ಮುಂದಿಂದೋ, ಗದಗ ರಸ್ತೇದೋ, ಮಂಟೂರ ರಸ್ತೇದೋ?"